ದವಡೆಯ ಟಕ್

ಫೆಬ್ರವರಿ 4, ಬೆಳಿಗ್ಗೆ 7
ಬಾಟಲಿಯ ಬಿರಡೆ ಹಲ್ಲಿನ ನಡುವೆ ಕಚ್ಚಿ ಇಪ್ಪತ್ತು ನಿಮಿಷ ಗಟ್ಟಿಯಾಗಿ ಓದಿದೆ. ಉಚ್ಚಾರ ಸ್ವಚ್ಛವಾಗಲೆಂದು, ಹದಿನಾಲ್ಕು ವರ್ಷದ ರೂಢಿ. ಎಡಗಿವಿ ನೋವು ಹಾಗೇ ಇದೆ, ಡ್ರಾಪ್ಸ್ ದಂಡ. ಇವತ್ತು ಸ್ಟುಡಿಯೋದಲ್ಲಿ ಆಡಿಯೋ ಕಾದಂಬರಿಯ ಇಪ್ಪತ್ತೊಂಬತ್ತನೇ ಅಧ್ಯಾಯ. ಒಟ್ಟು ನಲವತ್ತೊಂದು. ಕಣ್ಣು ಹೋದ ಮೇಲೆ ಅಕ್ಕನಿಗೆ ನಾನು ಓದುವ ಅನುವಾದಗಳೇ ಪುಸ್ತಕ.

ಫೆಬ್ರವರಿ 6
ರೆಕಾರ್ಡಿಂಗ್‌ನವರು ಹೆಡ್‌ಫೋನ್ ತೆಗೆದರು. “ಮೇಡಂ, ಬಾಯಲ್ಲಿ ಪೆಪ್ಪರ್‌ಮಿಂಟಾ? ಟಕ್ ಟಕ್ ಅಂತಿದೆ.”
ಕೇಳಿಸಿದರು. ಒಂದು ಪುಟಕ್ಕೆ ಹನ್ನೊಂದು ಟಕ್. ನನ್ನ ದವಡೆಯದು.

ಫೆಬ್ರವರಿ 7
ಅಭ್ಯಾಸ ಸಾಲದೇನೋ. ಬಿರಡೆ — ನಲವತ್ತು ನಿಮಿಷ.

ಫೆಬ್ರವರಿ 19
ಆಕಳಿಸಿದಾಗ ದವಡೆ ಸಿಕ್ಕಿಕೊಂಡಿತು. ಹಲ್ಲಿನ ಡಾಕ್ಟರ್ ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆಸಿದರು.
“ಕಿವಿಗೇನಾಗಿಲ್ಲಮ್ಮ. ದವಡೆ ಕೀಲೊಳಗಿನ ಮೆತ್ತೆ ಜಾರಿದೆ. ಅದಕ್ಕೇ ಟಕ್. ಬೆಳಿಗ್ಗೆ ತಲೆನೋವೂ ಇರುತ್ತೆ, ಅಲ್ವಾ? ಬಾಯಲ್ಲಿ ಮೂರು ಬೆರಳು ಹಿಡೀಬೇಕು, ನಿಮಗೆ ಎರಡೂ ಕಷ್ಟ. ಏನಾದ್ರೂ ಕಚ್ಚೋ ಅಭ್ಯಾಸ?”
ಬಿರಡೆಯ ಸಂಗತಿ ಹೇಳಿದೆ. ಪೆನ್ನು ಕೆಳಗಿಟ್ಟರು.
“ದಿನಾನಾ?”
“ಭಾನುವಾರ ಬಿಟ್ಟು.”
“ಪುಣ್ಯಕ್ಕೆ ಅದೊಂದಾದ್ರೂ ಬಿಟ್ರಿ.”
ಗಟ್ಟಿಯಾಗಿ ಓದುವುದು ಬಂದ್. ಎಷ್ಟು ದಿನ ಎಂದೆ. ಬಿಸಿ ಬಟ್ಟೆಯ ಶಾಖ ಕೊಡುವುದು ಹೇಗೆಂದು ವಿವರಿಸಿದರು.
ಯಾರೂ ಮಾಡಿದ್ದಲ್ಲ. ನಾನೇ, ಶಿಸ್ತಿನಿಂದ…

ಏಪ್ರಿಲ್ 2
ಮೂವತ್ತನೇ ಅಧ್ಯಾಯದಿಂದ ಬೇರೆಯವಳ ದನಿ. ಅಕ್ಕ ಮಧ್ಯಾಹ್ನವೆಲ್ಲ ಕೇಳಿದಳು.
“ಈ ಹುಡುಗಿ ಪರವಾಗಿಲ್ಲ ಕಣೇ. ಅವಸರ ಮಾಡಲ್ಲ.” ನನ್ನತ್ತ ತಿರುಗಿ, “ಮುನಿಸಾ?”
“ನೋವು,” ಎಂದೆ, ಹಲ್ಲು ಬಿಡಿಸದೆ. ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಗಂಜಿ ಕುಡಿದು ಮಲಗಿದೆ.

ಏಪ್ರಿಲ್ 11, ಸಂಜೆ 5
ಕಾದಂಬರಿ ಮುಗಿಯಿತಂತೆ. ಅಕ್ಕ ಪಕ್ಕಕ್ಕೆ ಬಂದು ಕೂತಳು. “ಕೊನೇದು ಅವಳ ಬಾಯಲ್ಲಿ ಯಾಕೋ ಮುಗಿದ ಹಾಗೇ ಇಲ್ಲ. ನೀನೊಂದ್ಸಲ ಓದೇ, ಮೆಲ್ಲಗಾದ್ರೂ.”
ಬೇಡವೆನ್ನಲಾಗಲಿಲ್ಲ. ಮೊದಲ ವಾಕ್ಯವೇ ಉದ್ದ, ಮೂರು ಅಲ್ಪವಿರಾಮ. ಎರಡನೆಯದರ ಹೊತ್ತಿಗೆ ದವಡೆ ನಿಂತಿತು. ತೆರೆಯದು, ಮುಚ್ಚದು.
“ಹೂಂ, ಆಮೇಲೆ?”
‘ತಾಳು’ ಎಂದು ಚೀಟಿಯಲ್ಲಿ ಬರೆದು ಅವಳ ಕೈಗಿಟ್ಟೆ. ಇಟ್ಟ ಮೇಲೆ ಹೊಳೆಯಿತು.
ಅಕ್ಕ ಬೆರಳಿನಿಂದ ಸವರಿದಳು, ತಿರುಗಿಸಿ ಮತ್ತೆ ಸವರಿದಳು. “ಇದೇನೇ, ಬರೀ ಕಾಗದ?”
ಇದನ್ನು ಬರೆಯುವಾಗಲೂ ಅವಳು ನನ್ನ ಕಡೆಗೇ ಮುಖ ಮಾಡಿಕೊಂಡು, ಮುಂದಿನ ವಾಕ್ಯಕ್ಕೆ ಕಾಯುತ್ತ…