ಸೀರೆ ಹೊದಿಸದ ಮಷಿನ್

ಚಿಕ್ಕವ್ವ,

ನಿನ್ನ ಮಷಿನ್ನಿನ ಮುಂದೆ ಕುಳಿತೇ ಇದನ್ನು ಬರೆಯುತ್ತಿದ್ದೇನೆ. ಹೊಲಿಯಲು ಇವತ್ತು ಏನೂ ಇಲ್ಲ. ಯಾಕೆಂದು ಕಡೆಗೆ ಹೇಳುತ್ತೇನೆ, ಬೈಯಬೇಡ.

ಹಿರೇಹಾಳಿನಿಂದ ನನ್ನನ್ನು ರಾಯದುರ್ಗಕ್ಕೆ ಕರೆತಂದು ಜೀನ್ಸ್ ಜೇಬು ಹೊಲಿಯಲು ಕೂರಿಸಿದ ದಿನ ನೆನಪಿದೆಯಾ? ಸಂಜೆಗೆ ನನ್ನ ಬೆರಳೆಲ್ಲ ನೀಲಿ. ಅದೇ ವಾರ ಸೂಜಿ ನಿನ್ನ ಉಗುರಿನೊಳಗೆ ಹೊಕ್ಕಿತು. ಬಟ್ಟೆಯ ಕಟ್ಟು ತಂದುಕೊಡುವ ಮೇಸ್ತ್ರಿ ಆಟೊದಿಂದ ಇಳಿಯಲೂ ಇಲ್ಲ. "ನಿಮ್ಮ ಮನ್ಯಾಗ ನೀವು ಗಾಯ ಮಾಡ್ಕೊಂಡ್ರ ನಾ ಏನ್ ಮಾಡ್ಲಿ?" ಎಂದ. ಸೂಜಿಗಿಂತ ನಿನಗೆ ಆ ಮಾತೇ ಹೆಚ್ಚು ಚುಚ್ಚಿತು.

ನೀನು ಕಾರ್ಮಿಕರ ಸಭೆಗೆ ಹೋಗಿದ್ದು ಅದಕ್ಕೇ ಅಲ್ಲವೇ? ಮನೆಯಲ್ಲಿ ಕುಳಿತು ಹೊಲಿಯುವವರೂ ಕಾರ್ಮಿಕರೇ ಎನ್ನುವ ಅಂತರರಾಷ್ಟ್ರೀಯ ಒಪ್ಪಂದವೊಂದಿದೆ, ನಮ್ಮ ದೇಶ ಅದನ್ನು ಇನ್ನೂ ಒಪ್ಪಿ ಸಹಿ ಹಾಕಿಲ್ಲ ಎಂದರು ಅಲ್ಲಿದ್ದ ಅಧಿಕಾರಿ. ನೀನು ಎದ್ದು ನಿಂತೆ.

"ಸಹಿ ಹಾಕಾಕ ಏನ್ರಿ ತ್ರಾಸು?"

"ಸಹಿ ಸುಲಭ ಅಮ್ಮಾ. ಆಮೇಲೆ ಮನೆ ಮನೆ ಹೊಕ್ಕು ನೋಡೋರು ಯಾರು? ಅಷ್ಟು ಆಫೀಸರುಗಳು ಎಲ್ಲಿದಾರೆ? ಕೂಲಿ ಏರಿದ್ರೆ ಆರ್ಡರ್ ಬೇರೆ ದೇಶಕ್ಕೆ ಹೋಗ್ತದೆ."

"ಅಂದ್ರ ನಾವು ಅಗ್ಗ ಇದ್ರೇನ ದೇಶ ನಡೀತೈತೇನ್ರಿ?"

ಸಭೆ ನಕ್ಕಿತು. ನೀನು ನಗಲಿಲ್ಲ.

ಮನೆಹೊಲಿಗೆಯವರನ್ನು ಎಣಿಸಲು ಸರ್ಕಾರದ ಜನ ಬಂದ ದಿನವಂತೂ... ಹೆಸರು ಬರೆಸಿದರೆ ಕಟ್ಟು ಕೊಡುವುದಿಲ್ಲ ಎಂದಿದ್ದ ಮೇಸ್ತ್ರಿಗೆ ಹೆದರಿ ಎದುರುಮನೆ ಹೊನ್ನೂರಮ್ಮನೂ ಸೇರಿ ಓಣಿಯವರೆಲ್ಲ ಮಷಿನ್ನಿಗೆ ಅರಿಶಿನ ಕುಂಕುಮ ಹಚ್ಚಿ, ಸೀರೆ ಹೊದಿಸಿ, "ಮದುವ್ಯಾಗ ಕೊಟ್ಟಿದ್ದು ರೀ, ಪೂಜಾಕ ಇಟ್ಟೀವಿ" ಎಂದರು. ಆಯುಧಪೂಜೆ ಇನ್ನೂ ಎಲ್ಲೋ ಇತ್ತು! ನೀನೊಬ್ಬಳೇ ಮಷಿನ್ ತುಳಿಯುತ್ತಲೇ, "ಕೂಲಿಗೆ ಹೊಲಿತೀನ್ರಿ. ನಾನೂ ಕಾರ್ಮಿಕಳು, ಬರಕೊಳ್ರಿ" ಎಂದೆ. ಮರುದಿನದಿಂದ ಆಟೊ ನಮ್ಮ ಬಾಗಿಲಲ್ಲಿ ನಿಲ್ಲಲಿಲ್ಲ. ಓಣಿ ಕಂಡೂ ಕಾಣದಂತಿತ್ತು. ನಾನು ಜೀನ್ಸ್ ತೊಳೆಯುವಲ್ಲಿಗೆ ಕೂಲಿಗೆ ಹೋದೆ, ನೀನು ಖಾಲಿ ಮಷಿನ್ನಿಗೆ ಎಣ್ಣೆ ಬಿಡುತ್ತಾ ಕೆಮ್ಮಿದೆ. ಆ ಕೆಮ್ಮಿಗೆ ಯಾರು ಹೊಣೆ, ಚಿಕ್ಕವ್ವ? ನೀನು ತೀರಿಕೊಂಡ ಮೇಲೆ ನನ್ನ ಹೆಸರಿಗೆ ಕಟ್ಟು ಮತ್ತೆ ಬರತೊಡಗಿತು. ಅಳುತ್ತಲೇ ತೆಗೆದುಕೊಂಡೆ.

ನಿನ್ನೆ ಎಣಿಸುವವರು ಮತ್ತೆ ಬಂದಿದ್ದರು. ಸಹಿ ಬಿತ್ತೇನ್ರಿ ಎಂದು ಕೇಳಿದೆ. ಇನ್ನೂ ಇಲ್ಲವಂತೆ. ಮೇಸ್ತ್ರಿಯ ಮಾತಿನಂತೆ ಮಷಿನ್ನಿಗೆ ನಿನ್ನ ಸೀರೆಯನ್ನೇ ಹೊದಿಸಿದ್ದೆ. ಅದನ್ನು ಎಳೆದು ತೆಗೆದು ನಿನ್ನ ಮಾತನ್ನೇ ಹೇಳಿದೆ. ಬಾಗಿಲು ತೆರೆದೇ ಇತ್ತು, ಓಣಿಗೆಲ್ಲ ಕೇಳಿಸಿತು. ಬರೆದುಕೊಂಡು ಅವರು ಎದುರುಮನೆಗೆ ದಾಟಿದರು.

ಇವತ್ತು ಆಟೊ ಓಣಿಗೆ ಬಂತು, ನಮ್ಮ ಬಾಗಿಲಲ್ಲಿ ನಿಲ್ಲಲಿಲ್ಲ. ನಾಳೆ ಒಲೆ ಹೇಗೆ ಉರಿಯುತ್ತದೋ ಗೊತ್ತಿಲ್ಲ, ಹೆದರಿಕೆಯಾಗುತ್ತಿದೆ. ಆದರೆ ಹೊಸಿಲಲ್ಲಿ ನಿಂತು ನೋಡಿದೆ ಚಿಕ್ಕವ್ವ, ಎದುರುಮನೆ ಹೊನ್ನೂರಮ್ಮನ ಬಾಗಿಲಲ್ಲೂ ಅದು ನಿಲ್ಲಲಿಲ್ಲ.