ಆಷಾಢಕ್ಕೆ ಮುಂಚೆ ಹೋದ ಟ್ರಂಕು

ಚಳ್ಳಕೆರೆ
20-8-1999

ಪ್ರೀತಿಯ ಅಕ್ಕನಿಗೆ ನಿನ್ನ ತಮ್ಮನ ನಮಸ್ಕಾರ.

ಅವ್ವ ಮೊಳಕಾಲ್ಮೂರಿಗೆ ಬಂದು ನಿನ್ನ ಮನೆ ಸೇರಿ ತಿಂಗಳಾಯಿತು, ನಾನು ಒಂದು ಸಾಲೂ ಬರೆಯಲಿಲ್ಲ. ಬೈಯುವುದನ್ನೆಲ್ಲ ಬೈದು ಮುಗಿಸಿ ಮುಂದೆ ಓದು. ಬಾಡಿಗೆ ಮನೆಯಲ್ಲಿದ್ದೂ ಬಾಡದೆ ಇದ್ದೇವೆ.

ಕಳ್ಳತನದ ಕತೆಯನ್ನು ಅವ್ವ ನಿನಗೆ ಪೂರ್ತಿ ಹೇಳಿರಲಾರಳು. ನಾವು ಮನೆ ಬದಲಾಯಿಸುವುದಿತ್ತು. ಹೊಸ ಮನೆಗೆ ಸುಣ್ಣ ಬಳಿದು ಮುಗಿದಿರಲಿಲ್ಲ, ಆಷಾಢ ಬಾಗಿಲಿಗೇ ಬಂದಿತ್ತು. "ಆಷಾಢದಾಗೆ ಹೊಸ ಮನೆ ಹೊಗಬಾರದು ಕಣೋ. ನಾಳೆ ಒಳ್ಳೇ ದಿನ ಐತೆ, ಹಾಲು ಉಕ್ಕಿಸಿ ಬರಾನ. ಬರಿಗೈಲಿ ಬ್ಯಾಡ, ಮನೇಲಿರೋ ಒಳ್ಳೇ ವಸ್ತು ಮೊದಲು ಹೋಗ್ಬೇಕು" ಎಂದಳು ಅವ್ವ. ಹೀಗೆ ಉಪ್ಪು, ಬೇಳೆಯ ಜೊತೆ ಅವಳ ಟ್ರಂಕೂ ಹೋಯಿತು. ಅದರೊಳಗೆ ಅಪ್ಪ ತನ್ನ ಮಗ್ಗದಲ್ಲಿ ಅವಳಿಗೆಂದೇ ನೇಯ್ದ ರೇಷ್ಮೆ ಸೀರೆ. ಬೀಗ ಹಾಕಿ, ಶ್ರಾವಣದವರೆಗೆ ಇರೋಣವೆಂದು ಹಳೇ ಮನೆಗೇ ಬಂದೆವು. ವಾರದೊಳಗೆ ಬೀಗ ಮುರಿದಿತ್ತು, ಟ್ರಂಕು ಇರಲಿಲ್ಲ.

ನಾನು ಮಾತ್ರ ಧೈರ್ಯವಾಗಿದ್ದೆ. ಸಾಮಾನಿಗೆಲ್ಲ ವಿಮೆ ಮಾಡಿಸಿದ್ದೆನಲ್ಲ! "ಬಾಡಿಗೆಯವನಿಗ್ಯಾಕಲೇ ವಿಮೆ, ಗೋಡೆ ನಿಂದಾ?" ಎಂದು ನಕ್ಕವರಿಗೆ, "ಗೋಡೆ ಓನರ್‌ದು, ಗೋಡೆಗೆ ಒರಗಿಸಿದ್ದೆಲ್ಲ ನಂದು" ಎಂದವನು ನಾನು. ಏಜೆಂಟ್ ದುರುಗೇಶ್ ಬಂದು ತಲೆ ಕೆರೆದುಕೊಂಡ. "ಮೇಷ್ಟ್ರೇ, ನಿಮ್ ಪಾಲಿಸಿ ಇರೋದು ಹಳೇ ಮನೇಲಿರೋ ಸಾಮಾನಿಗೆ. ಟ್ರಂಕು ಹೊಸಿಲು ದಾಟೈತೆ, ಪಾಲಿಸಿ ದಾಟಿಲ್ಲ. ಮೊದಲೇ ಒಂದು ಮಾತು ಹೇಳಿದ್ರೆ ವಿಳಾಸ ಬದಲಾಯಿಸಿ ಕೊಡ್ತಿದ್ದೆ." ಹಾಲು ಉಕ್ಕಿಸುವುದನ್ನು ಬೀದಿಗೆಲ್ಲ ಹೇಳಿದ್ದೆವು ಅಕ್ಕ, ಅವನೊಬ್ಬನನ್ನು ಬಿಟ್ಟು.

ಶ್ರಾವಣ ಬಂತು, ಸುಣ್ಣವೂ ಒಣಗಿತು. ನಾವಿನ್ನೂ ಹಳೇ ಮನೆಯಲ್ಲೇ ಇದ್ದೇವೆ. ಮತ್ತೆ ಹಾಲು ಉಕ್ಕಿಸಬೇಕು. ದಿನ ಯಾವುದೆಂದು ಅವ್ವನನ್ನೇ ಕೇಳು; ಅವಳು ಹೇಳಿದ ದಿನವೇ ಹೋಗುವುದು, ಒಲೆ ಹಚ್ಚುವವಳೂ ಅವಳೇ. ಭಾವನಿಗೆ ನಮಸ್ಕಾರ, ಮಕ್ಕಳಿಗೆ ಒಳ್ಳೆಯದಾಗಲಿ.

ಇಂತಿ ನಿನ್ನ
ಸಿದ್ದಲಿಂಗೇಶ

ಮ.ವಿ.: ಮರೆತ ವಿಷಯವೇನಲ್ಲ ಇದು, ಮೇಲೆ ಬರೆಯಲು ಕೈ ಬರಲಿಲ್ಲ. ಅವ್ವ ಸೀರೆಗಾಗಿ ಕೊರಗುತ್ತಿದ್ದಾಳೆ ಎಂದುಕೊಂಡಿರುತ್ತೀಯ. ದುರುಗೇಶ್ ಹೋದ ಮೇಲೆ, ಅಕ್ಕಪಕ್ಕದವರೆಲ್ಲ ಕೂತಿದ್ದಾಗ ನಾನು, "ಅವ್ವಾ, ನೀನು ನೋಡಿದ ಗಳಿಗೆ ಭಾಳ ಒಳ್ಳೇದೇ ಇತ್ತು ಬಿಡು, ಕಳ್ಳನಿಗೆ!" ಎಂದೆ. ಎಲ್ಲರೂ ನಕ್ಕರು. ಅವ್ವ ಎಲ್ಲರಿಗಿಂತ ಹೆಚ್ಚು ನಕ್ಕಳು. ಮಾರನೆಯ ದಿನ, ರಾಹುಕಾಲದಲ್ಲಿ ಹೊಸಿಲು ದಾಟದ ನಮ್ಮ ಅವ್ವ, ರಾಹುಕಾಲದಲ್ಲೇ ನಿಮ್ಮೂರ ಬಸ್ಸು ಹತ್ತಿದಳು.