ಬೀಗದವರ ಪಟ್ಟಿ

ಮಂಗಳವಾರ, ಹದಿನಾರು

ವಂಶವಾಹಿ ಪರೀಕ್ಷೆಯ ಫಲಿತಾಂಶ ಬಂತು. ‘ಬೀಗದ’ ಎಂಬ ನಮ್ಮ ಮನೆತನದ ಹೆಸರಿನವರು ಎಲ್ಲೆಲ್ಲಿದ್ದಾರೆಂದು ಎರಡು ವರ್ಷ ಹುಡುಕಿ, ಇನ್ನೂರ ಹನ್ನೆರಡು ಜನರ ಪಟ್ಟಿ ಮಾಡಿದವನು ನಾನು. ನನ್ನನ್ನೂ ಸೇರಿಸಿ ಮೂವತ್ತೊಂದು ಜನರಿಂದ ಪರೀಕ್ಷೆಗೆ ಉಗುಳು ಕೊಡಿಸಿದವನೂ ನಾನೇ. ಅವರಲ್ಲಿ ಮೂವತ್ತು ಜನ ಒಂದೇ ರಕ್ತದವರಂತೆ. ಹೊರಗಿನವನು ಒಬ್ಬನೇ, ಪಟ್ಟಿ ಮಾಡಿದವನು. ಉಗುಳು ಕೊಟ್ಟೆ, ಕೆಟ್ಟೆ.

ಅಪ್ಪನಿಗೆ ಹೇಗೆ ಹೇಳುವುದೆಂದು ಸಂಜೆಯವರೆಗೂ ಒದ್ದಾಡಿದೆ. ಎಂಬತ್ತು ದಾಟಿದ ಜೀವ, ಈ ಹೆಸರೆಂದರೆ ಪ್ರಾಣ. ಕೊನೆಗೆ ಕಾಗದ ಮುಂದಿಟ್ಟರೆ ಕನ್ನಡಕವನ್ನೂ ಹಾಕಿಕೊಳ್ಳಲಿಲ್ಲ.

“ಇದನ್ನ ತಿಳ್ಕೊಳ್ಳೋಕೆ ಎರಡು ವರ್ಷ ಬೇಕಾಯ್ತೇನೋ? ನನ್ನ ಕೇಳಿದ್ರೆ ಎರಡು ನಿಮಿಷ.”

“ಮತ್ತೆ ಯಾಕಪ್ಪಾ ಹೇಳ್ಲಿಲ್ಲ?”

“ನೀನು ಅಷ್ಟು ಖುಷಿಯಾಗಿ ಹುಡುಕ್ತಾ ಇದ್ದೆ. ಕೆಡಿಸೋದ್ಯಾಕೆ ಅಂತ ಸುಮ್ನಿದ್ದೆ.”

ತಾತ ಎರಡು ವರ್ಷದ ಕೂಸಾಗಿದ್ದಾಗ ಹೆತ್ತವರಿಬ್ಬರೂ ಜ್ವರದಲ್ಲಿ ಹೋದರಂತೆ. ಪಕ್ಕದ ಮನೆಯ ಬೀಗ ಮಾಡುವವರು ಎತ್ತಿಕೊಂಡು ಬಂದು ಸಾಕಿದರು. ಶಾಲೆಗೆ ಸೇರಿಸುವಾಗ ತಮ್ಮ ಮನೆತನದ ಹೆಸರನ್ನೇ ಬರೆಸಿದರು.

ಆ ಹಿರಿಯರು ತಾವು ಮಾಡಿದ ಬೀಗಕ್ಕೆ ಮಾತ್ರ ಹೆಸರಿನ ಮುದ್ರೆ ಒತ್ತುತ್ತಿದ್ದರಂತೆ. ಬೇರೆಯವರ ಬೀಗವನ್ನು ಎಷ್ಟೇ ಚೆನ್ನಾಗಿ ರಿಪೇರಿ ಮಾಡಿದರೂ, ಗಿರಾಕಿ ಎಷ್ಟೇ ಗೋಗರೆದರೂ ಒತ್ತುತ್ತಿರಲಿಲ್ಲ.

“ಬೇರೆಯವರು ಮಾಡಿದ್ದಕ್ಕೆ ಅವರು ಹೆಸರು ಕೊಟ್ಟಿದ್ದು ಒಂದೇ ಸಲ ಕಣೋ,” ಎಂದರು ಅಪ್ಪ.

ಪಟ್ಟಿಯಿಂದ ನನ್ನ ಹೆಸರು ಹೊಡೆದುಹಾಕಲು ಬೆಳಿಗ್ಗೆ ಪೆನ್ನು ಎತ್ತಿದ್ದೆ. ಈಗ ಅದೇ ಪೆನ್ನಿನಿಂದ ಆ ಹೆಸರಿನ ಕೆಳಗೊಂದು ಗೆರೆ ಎಳೆದೆ. ಎಲ್ಲದಕ್ಕೂ ಪ್ರಾಸ ಹುಡುಕುವವನು ನಾನು. ಬೀಗದ ಮುತ್ತಾತನಿಗೂ ಒಂದು ಕಟ್ಟೋಣವೆಂದರೆ, ಯಾಕೋ ಈ ಹೊತ್ತಿಗೆ ಒಂದೂ...